ತೊಟ್ಟಿಲ ಸುತ್ತಲಿನ ಕೋಟೆ

ಬೇವಿನ ಸೊಪ್ಪು, ಮೇಣದ ಬತ್ತಿ, ತಾಯಿತ, ಕೊನೆಗೆ ಸೂಜಿ: ಬೆಂಗಳೂರು ದಂಡಿನ ತಾಯಂದಿರು ಮಕ್ಕಳಿಗೆ ಕಟ್ಟಿದ ರಕ್ಷೆಯ ಕಥೆ

ಸಂಜೆ ದೀಪ ಹತ್ತುವ ಹೊತ್ತು. ಶಿವಾಜಿನಗರದ ಬಸ್ ನಿಲ್ದಾಣದ ಗದ್ದಲ ಇನ್ನೂ ಇಳಿದಿಲ್ಲ. ರಸೆಲ್ ಮಾರುಕಟ್ಟೆಯ ಹೂವಿನ ಅಂಗಡಿಗಳಲ್ಲಿ ಕೊನೆಯ ವ್ಯಾಪಾರ ನಡೆದಿದೆ. ಈ ಜನಜಂಗುಳಿಯ ಅಂಚಿನಲ್ಲಿ, ಮಸೀದಿಯೊಂದರ ಮೆಟ್ಟಿಲ ಬಳಿ, ಕಂಕುಳಲ್ಲಿ ಕೂಸನ್ನೆತ್ತಿಕೊಂಡ ಕೆಲವರು ಹೆಂಗಸರು ಮಾತಿಲ್ಲದೆ ಕಾದು ನಿಂತಿದ್ದಾರೆ. ಒಳಗೆ ಮಗ್ರಿಬ್ ನಮಾಜು ಮುಗಿಯುತ್ತದೆ. ಹೊರಬರುವವರಲ್ಲಿ ಹಿರಿಯರಾದ ಒಬ್ಬರು ಪ್ರತಿಯೊಂದು ಕೂಸಿನ ಬಳಿಯೂ ಒಂದು ಕ್ಷಣ ನಿಂತು, ತುಟಿಯಲ್ಲೇ ಏನನ್ನೋ ಪಠಿಸಿ, ಅದರ ಹಣೆಯ ಮೇಲೆ ಮೆಲ್ಲಗೆ ಉಸಿರೂದುತ್ತಾರೆ. ಕಾದು ನಿಂತವರೆಲ್ಲರೂ ಮುಸಲ್ಮಾನರಲ್ಲ. ಒಬ್ಬಾಕೆಯ ಹಣೆಯಲ್ಲಿ ಕುಂಕುಮವಿದೆ, ಇನ್ನೊಬ್ಬಾಕೆಯ ಕೊರಳಲ್ಲಿ ಶಿಲುಬೆಯಿದೆ. ಕೂಸು ರಾತ್ರಿಯೆಲ್ಲ ಬೆಚ್ಚಿಬಿದ್ದು ಅಳುತ್ತಿದ್ದರೆ ತಾಯಿ ಬಾಗಿಲುಗಳ ಜಾತಿಯನ್ನು ವಿಚಾರಿಸುವುದಿಲ್ಲ.

ಅಲ್ಲಿಂದ ಸ್ವಲ್ಪ ದೂರ ನಡೆದರೆ ಮುಗಿಲೆತ್ತರದ ಗೋಪುರವುಳ್ಳ ಸಂತ ಮೇರಿಯ ದೇವಾಲಯ. ಅಲ್ಲಿ ಸೀರೆಯುಟ್ಟ ಮಾತೆಯ ಮುಂದೆ ಮೇಣದ ಬತ್ತಿಗಳು ಉರಿಯುತ್ತಿವೆ. ಪೂರ್ವಕ್ಕೆ ಹಲಸೂರಿನ ಕಡೆ ಹೊರಳಿದರೆ ಸಂದಿಗೊಂದರಂತೆ ಮಾರಿಯಮ್ಮನ ಪುಟ್ಟ ಗುಡಿಗಳು. ಬಾಗಿಲಿಗೆ ಬೇವಿನ ತೋರಣ, ಒಳಗೆ ನಿಂಬೆಹಣ್ಣಿನ ಹಾರ. ಬೆಂಗಳೂರಿನ ದಂಡುಪ್ರದೇಶವೆಂದರೆ ಸೈನ್ಯದ ಬಿಡಾರ, ಅಗಲವಾದ ಬೀದಿ, ಇಂಗ್ಲಿಷರ ಬಂಗಲೆ ಎಂದಷ್ಟೇ ತಿಳಿದವರು ಉಂಟು. ಆದರೆ ಎರಡು ಶತಮಾನಗಳ ಕಾಲ ಇಲ್ಲಿಯ ತಾಯಂದಿರು ತಮ್ಮ ತೊಟ್ಟಿಲುಗಳ ಸುತ್ತ ಕಣ್ಣಿಗೆ ಕಾಣದ ಇನ್ನೊಂದು ಕೋಟೆಯನ್ನು ಕಟ್ಟುತ್ತ ಬಂದಿದ್ದಾರೆ. ಆ ಕೋಟೆಯ ಇತಿಹಾಸ ಸೈನ್ಯದ ಇತಿಹಾಸಕ್ಕಿಂತ ಕಡಿಮೆ ರೋಚಕವಾದುದಲ್ಲ.

ಕಣ್ಣಿನ ಭಯ

ಕೂಸು ಹುಟ್ಟಿದ ಮನೆಯಲ್ಲಿ ಸಂತೋಷದ ಜೊತೆಗೇ ಭಯವೂ ಹುಟ್ಟುತ್ತದೆ. ಇದು ಸಕಾರಣವಾದ ಭಯ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭರತಖಂಡದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು ಇನ್ನೂರು ಮೊದಲ ಹುಟ್ಟುಹಬ್ಬವನ್ನು ಕಾಣುತ್ತಿರಲಿಲ್ಲ. ಐದು ತೊಟ್ಟಿಲಿಗೆ ಒಂದು ಬರಿದಾಗುತ್ತಿದ್ದ ಕಾಲದಲ್ಲಿ ತಾಯಿಯಾದವಳು ಯಾವ ರಕ್ಷೆಯನ್ನು ತಾನೇ ಬೇಡವೆಂದಾಳು?

ಆದುದರಿಂದಲೇ ಕೆನ್ನೆಗೊಂದು ಕಪ್ಪು ಬೊಟ್ಟು, ಅಂಗಾಲಿಗೊಂದು ಬೊಟ್ಟು. ಮುದ್ದಾದ ಮುಖಕ್ಕೆ ಬೇಕೆಂದೇ ಒಂದು ಕುಂದು ಮಾಡಿ, ನೋಡುವವರ ಕಣ್ಣು ಮೊದಲು ಆ ಕುಂದಿನ ಮೇಲೆ ಬೀಳಲಿ ಎಂಬ ಜಾಣತನ ಅದರಲ್ಲಿದೆ. ಮುಂಗೈಗೆ ಕರಿಮಣಿ, ಸೊಂಟಕ್ಕೆ ಕರಿಯ ಉಡಿದಾರ, ಮಣಿಕಟ್ಟಿಗೆ ಬಜೆಯ ತುಂಡುಗಳನ್ನು ಪೋಣಿಸಿದ ಬಳೆ. ಹೊರಗೆ ಹೋಗಿ ಬಂದ ಕೂಸು ಹಾಲು ಕುಡಿಯದೆ ರಚ್ಚೆ ಹಿಡಿದರೆ ಅಜ್ಜಿ ಎದ್ದು ಬರುತ್ತಾಳೆ.

“ಯಾರ ಕಣ್ಣು ಬಿತ್ತೋ ಏನೋ! ಏಳಮ್ಮಾ, ಒಲೆ ಹತ್ತಿಸು. ಉಪ್ಪು ಮೆಣಸಿನಕಾಯಿ ತೆಗೆದುಕೊಂಡು ಬಾ.”

“ಅತ್ತೇ, ಮೈ ಸ್ವಲ್ಪ ಬಿಸಿಯಾಗಿದೆ. ಒಂದು ಸಲ ಡಾಕ್ಟರಿಗೆ ತೋರಿಸೋಣವೇ?”

“ತೋರಿಸೋಣ, ಬೇಡವೆಂದವರು ಯಾರು? ಮೊದಲು ದೃಷ್ಟಿ ತೆಗೆದುಬಿಡುತ್ತೇನೆ, ಆಮೇಲೆ ಹೊರಡು.”

ಹಲಸೂರು, ಕೃಷ್ಣರಾಜಪುರ, ಶಿವಾಜಿನಗರಗಳ ಯಾವ ಓಣಿಯಲ್ಲಾದರೂ ಕೇಳಬಹುದಾದ ಸಂಭಾಷಣೆ ಇದು. ಹರಳುಪ್ಪು, ಒಣಮೆಣಸಿನಕಾಯಿ, ಸಾಸಿವೆ, ಪೊರಕೆಯ ಕಡ್ಡಿ, ಮೂರು ದಾರಿ ಕೂಡುವಲ್ಲಿಯ ಚಿಟಿಕೆ ಮಣ್ಣು, ಇಷ್ಟನ್ನು ಮುಷ್ಟಿಯಲ್ಲಿ ಹಿಡಿದು ಕೂಸಿನ ತಲೆಯಿಂದ ಕಾಲಿನವರೆಗೆ ಮೂರು ಸುತ್ತು ಇಳಿತೆಗೆದು ಕೆಂಡಕ್ಕೆ ಹಾಕುತ್ತಾರೆ. ಮೆಣಸಿನಕಾಯಿಯ ಘಾಟು ಮೂಗಿಗೆ ಬಾರದಿದ್ದರೆ ದೃಷ್ಟಿ ತಾಕಿದ್ದುದು ನಿಜವೆಂದು ತೀರ್ಮಾನ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದೊಡನೆ ರಕ್ತದಂತೆ ಕೆಂಪೇರುವ ಆರತಿಯನ್ನೆತ್ತಿ ಬೀದಿಗೆ ಚೆಲ್ಲುವುದೂ ಉಂಟು. ಅರಿಸಿನ ಸುಣ್ಣದ ಕ್ಷಾರಕ್ಕೆ ಬಣ್ಣ ಬದಲಿಸುತ್ತದೆಯೆಂಬುದು ಶಾಲೆಯ ಹುಡುಗನಿಗೂ ಗೊತ್ತಿರುವ ರಸಾಯನ. ಗೊತ್ತಿದ್ದೂ ಆ ಕೆಂಪನ್ನು ಕಂಡಾಗ ಮನಸ್ಸಿಗೆ ಏನೋ ಒಂದು ಭಾರ ಇಳಿದಂತಾಗುವುದು ಸುಳ್ಳಲ್ಲ. ದೃಷ್ಟಿ ತೆಗೆಯುವಷ್ಟು ಹೊತ್ತು ಕೂಸು ಅಜ್ಜಿಯ ಮಡಿಲಲ್ಲಿರುತ್ತದೆ, ಮನೆಯವರೆಲ್ಲರೂ ಅದರ ಸುತ್ತ ಇರುತ್ತಾರೆ. ಕಂಗೆಟ್ಟ ತಾಯಿಗೆ ತಾನು ಒಂಟಿಯಲ್ಲವೆಂಬ ಧೈರ್ಯ ದೊರೆಯುತ್ತದೆ. ಆಚರಣೆಯ ಮೊದಲ ಫಲ ಅನೇಕ ವೇಳೆ ಕೂಸಿಗಿಂತ ತಾಯಿಗೇ ಸಲ್ಲುತ್ತದೆ.

ಗೋಕುಲದಿಂದ ಬಂದ ರಕ್ಷೆ

ಇದೆಲ್ಲ ಅಜ್ಜಿಯರು ನಿನ್ನೆ ಮೊನ್ನೆ ಕಟ್ಟಿದ ಶಾಸ್ತ್ರವಲ್ಲ. ಭಾಗವತದ ದಶಮಸ್ಕಂಧದಲ್ಲಿ ಪೂತನಿಯು ಸತ್ತುಬಿದ್ದ ಮೇಲೆ ಗೋಪಿಯರು ಮಾಡುವ ಮೊದಲ ಕೆಲಸ ಬಾಲರಕ್ಷೆ. ಹಸುವಿನ ಬಾಲವನ್ನು ಕೂಸಿನ ಸುತ್ತ ಸುಳಿಸಿ, ಗೋಮೂತ್ರದಿಂದ ಮೀಯಿಸಿ, ಗೋಧೂಳಿಯನ್ನು ಹಚ್ಚಿ, ಹನ್ನೆರಡು ಅಂಗಗಳ ಮೇಲೆ ವಿಷ್ಣುವಿನ ನಾಮಗಳನ್ನು ನೆಲೆಗೊಳಿಸುತ್ತಾರೆ. ಜಗತ್ತನ್ನೇ ರಕ್ಷಿಸುವವನಿಗೆ ಹಳ್ಳಿಯ ಹೆಂಗಸರು ರಕ್ಷೆ ಕಟ್ಟುವ ಈ ಸನ್ನಿವೇಶದಲ್ಲಿ ಹಾಸ್ಯವೂ ಇದೆ, ಕಣ್ಣು ತುಂಬಿಬರುವಂಥ ವಾತ್ಸಲ್ಯವೂ ಇದೆ.

ವೈದ್ಯಗ್ರಂಥಗಳೂ ಈ ವಿಷಯದಲ್ಲಿ ಮೌನವಾಗಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವು ಮಕ್ಕಳನ್ನು ಕಾಡುವ ಒಂಬತ್ತು ಬಾಲಗ್ರಹಗಳನ್ನು ಹೆಸರಿಸುತ್ತದೆ: ಸ್ಕಂದ, ಸ್ಕಂದಾಪಸ್ಮಾರ, ಶಕುನಿ, ರೇವತಿ, ಪೂತನಾ, ಅಂಧಪೂತನಾ, ಶೀತಪೂತನಾ, ಮುಖಮಂಡಿಕಾ, ನೈಗಮೇಷ. ಒಂದೊಂದಕ್ಕೂ ಲಕ್ಷಣಗಳುಂಟು: ಸೆಟೆತ, ಭೇದಿ, ವಾಂತಿ, ಜ್ವರ, ಮೈಯ ದುರ್ಗಂಧ. ಇಂದಿನ ಮಕ್ಕಳ ವೈದ್ಯರು ಆ ಪಟ್ಟಿಯನ್ನೋದಿದರೆ ತಮ್ಮ ಬಳಿಗೆ ಬರುವ ಕೂಸುಗಳನ್ನೇ ಅದರಲ್ಲಿ ಗುರುತಿಸಬಲ್ಲರು. ಗ್ರಹವೆಂದು ಹೆಸರಿಟ್ಟವರು ರೋಗವನ್ನು ಕಣ್ಣಾರೆ ಕಂಡೇ ಇಟ್ಟಿದ್ದರು. ಬಾಣಂತಿಯ ಕೋಣೆಯಲ್ಲಿ ಸಾಸಿವೆ, ಬೇವು, ಬಜೆಗಳ ಧೂಪವನ್ನಿಡಬೇಕು, ಕಂಡಕಂಡವರು ಒಳನುಗ್ಗಬಾರದು ಎಂಬ ವಿಧಿಗಳೂ ಅದೇ ಪರಂಪರೆಯವು. ಆರನೆಯ ರಾತ್ರಿ ಷಷ್ಠೀದೇವಿಗೆ ಪೂಜೆ, ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ನಾಮಕರಣ, ಆಮೇಲೆ ಕಿವಿ ಚುಚ್ಚುವುದು, ಚೌಲ, ಹೀಗೆ ಒಂದೊಂದು ಸಂಸ್ಕಾರವೂ ಕೂಸು ಗೆದ್ದುಬಂದ ಒಂದೊಂದು ಗಂಡಾಂತರದ ಗುರುತು.

ಮುಸಲ್ಮಾನರ ಮನೆಯಲ್ಲಿ ಹುಟ್ಟಿದ ಕೂಸಿನ ಕಿವಿಯಲ್ಲಿ ಮೊದಲು ಆಜಾನಿನ ನುಡಿಗಳನ್ನು ಉಸುರುತ್ತಾರೆ. ಏಳನೆಯ ದಿನ ಅಕೀಖಾ. ಹುಟ್ಟುಗೂದಲನ್ನು ತೆಗೆಸಿ ಅದರ ತೂಕದ ಬೆಳ್ಳಿಯ ಬೆಲೆಯನ್ನು ಬಡವರಿಗೆ ದಾನ ಮಾಡುತ್ತಾರೆ. ದಖ್ಖನಿನ ಮುಸಲ್ಮಾನ ಮನೆಗಳಲ್ಲಿ ಕೂಸಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗ ‘ಬಿಸ್ಮಿಲ್ಲಾ’ ಹೇಳಿಸುವ ಸಂಭ್ರಮವಿದೆ. ಕ್ರೈಸ್ತರ ಮನೆಯಲ್ಲಿ ಜ್ಞಾನಸ್ನಾನ, ಕೊರಳಿಗೆ ಮಾತೆಯ ಪದಕ. ವಿಧಾನ ಬೇರೆ ಬೇರೆಯಾದರೂ ಬೇಡಿಕೆ ಒಂದೇ: ಈ ಕೂಸು ನಮ್ಮಲ್ಲೇ ಉಳಿಯಲಿ.

‘ಅಮ್ಮ’ ಮನೆಗೆ ಬಂದಾಗ

ಎಲ್ಲ ಭಯಗಳಿಗೂ ತಾಯಿಯಂತಿದ್ದ ಭಯ ಸಿಡುಬು. ಆ ಹೆಸರನ್ನು ಕೂಡ ಬಾಯಿಬಿಟ್ಟು ಹೇಳುತ್ತಿರಲಿಲ್ಲ. “ಮನೆಗೆ ಅಮ್ಮ ಬಂದಿದ್ದಾಳೆ” ಎನ್ನುತ್ತಿದ್ದರು. ರೋಗವೂ ಅವಳೇ, ರೋಗದಿಂದ ಪಾರುಮಾಡುವವಳೂ ಅವಳೇ. ಬಂದ ಅತಿಥಿಯನ್ನು ಬೈದು ಅಟ್ಟುವಂತಿಲ್ಲ, ತಂಪುಮಾಡಿ ಕಳುಹಿಸಿಕೊಡಬೇಕು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಅದನ್ನು ಕಂಡವರು ಒಳಗೆ ಕಾಲಿಡುತ್ತಿರಲಿಲ್ಲ. ಒಗ್ಗರಣೆಯಿಲ್ಲ, ಬೆಂಕಿಯ ಆರ್ಭಟವಿಲ್ಲ, ಹಬ್ಬವಿಲ್ಲ, ನೆಂಟರಿಲ್ಲ. ಮೊಸರನ್ನ, ಮಜ್ಜಿಗೆ, ಬೇವಿನೆಲೆಯ ಹಾಸಿಗೆ. ಅಮ್ಮ ಇಳಿದ ಮೇಲೆ ಬೇವು ಅರಿಸಿನದ ನೀರೆರೆದು, ತಂಬಿಟ್ಟು ಮೊಸರನ್ನದ ಎಡೆಯಿಟ್ಟು ಬೀಳ್ಕೊಡುತ್ತಿದ್ದರು.

ಈ ನೇಮದಲ್ಲಿ ರೋಗಿಯನ್ನು ಬೇರ್ಪಡಿಸುವ ವಿವೇಕವಿತ್ತು. ಶುಶ್ರೂಷೆಯ ಮೃದುತ್ವವಿತ್ತು. ಆದರೆ ಸಿಡುಬನ್ನು ಬಾರದಂತೆ ತಡೆಯುವ ಶಕ್ತಿ ಮಾತ್ರ ಇರಲಿಲ್ಲ. ಅಮ್ಮ ಬಂದುಹೋದ ಮನೆಗಳಲ್ಲಿ ಎಷ್ಟೋ ಕೂಸುಗಳು ಸತ್ತವು. ಉಳಿದವುಗಳಲ್ಲಿ ಎಷ್ಟೋ ಕಣ್ಣು ಕಳೆದುಕೊಂಡವು. ಮುಖದ ತುಂಬ ಕಲೆ ಹೊತ್ತವು.

ಇಂದಿಗೂ ತಮಿಳರ ಆಡಿ ಮಾಸದಲ್ಲಿ ಹಲಸೂರು, ಶಿವಾಜಿನಗರಗಳ ಅಮ್ಮನ ಗುಡಿಗಳ ಮುಂದೆ ದೊಡ್ಡ ಹಂಡೆಗಳಲ್ಲಿ ಅಂಬಲಿ ಕುದಿಯುತ್ತದೆ. ಹೆಂಗಸರು ಹಾಲಿನ ಕೊಡ ಹೊತ್ತು ಬೀದಿಯಲ್ಲಿ ಬರುತ್ತಾರೆ. ಸೈನ್ಯದ ಜೊತೆಯಲ್ಲಿ ತಮಿಳುನಾಡಿನಿಂದ ಬಂದ ಸಿಪಾಯಿಗಳು, ಕೂಲಿಗಳು, ವ್ಯಾಪಾರಿಗಳು ತಮ್ಮ ಮಾರಿಯಮ್ಮನನ್ನೂ ಜೊತೆಯಲ್ಲೇ ಕರೆತಂದರು. ಕನ್ನಡನಾಡಿನ ಮಾರಮ್ಮ ಅವಳನ್ನು ತಂಗಿಯಂತೆ ಬರಮಾಡಿಕೊಂಡಳು.

ದೊಡ್ಡಸ್ವಾಮಿಯವರ ಚೂರಿ

ಇಲ್ಲಿ ಕಥೆಗೆ ಒಂದು ವಿಚಿತ್ರವಾದ ತಿರುವು ಬರುತ್ತದೆ. ಅದರ ನಾಯಕ ಫ್ರಾನ್ಸ್ ದೇಶದ ಒಬ್ಬ ಪಾದ್ರಿ.

ಅಬೆ ಜ್ಯಾಂ ಆಂತ್ವಾನ್ ದುಬೊಯಿ ೧೭೯೨ರಲ್ಲಿ ಭಾರತಕ್ಕೆ ಬಂದರು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರ ಯೋಗಕ್ಷೇಮವನ್ನು ನೋಡಿಕೊಳ್ಳಲು ನಿಂತರು. ನಿಲುವಂಗಿ, ತಲೆಗೆ ರುಮಾಲು, ಊಟ ಉಡಿಗೆಗಳಲ್ಲಿ ಈ ನೆಲದ ಸಂನ್ಯಾಸಿಯ ರೀತಿ. ಹಳ್ಳಿಯ ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತು ಅವರು ಬರೆದ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. ೧೮೧೬ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಆ ಗ್ರಂಥದ ತೀರ್ಪುಗಳನ್ನು ಒಪ್ಪದವರು ಬಹಳ ಮಂದಿ. ಆದರೆ ಅವರ ಇನ್ನೊಂದು ಕಾರ್ಯದ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ೧೭೯೬ರಲ್ಲಿ ಗೋವಿನ ಸಿಡುಬಿನ ರಸದಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿದ್ದರು. ಆ ರಸ ೧೮೦೨ರ ಜೂನ್ ೧೪ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳಿನಲ್ಲಿ ಯಶಸ್ವಿಯಾಗಿ ಎದ್ದಿತು. ಭಾರತದ ಮೊದಲ ಲಸಿಕೆ ಅದೇ. ಆಗ ರಸವನ್ನು ಕಾಪಾಡುವ ತಣ್ಣನೆಯ ಪೆಟ್ಟಿಗೆಗಳಿರಲಿಲ್ಲ. ಒಂದು ಮಗುವಿನ ತೋಳಿನಲ್ಲೆದ್ದ ಗುಳ್ಳೆಯಿಂದ ಮುಂದಿನ ಮಗುವಿನ ತೋಳಿಗೆ, ಅಲ್ಲಿಂದ ಮತ್ತೊಂದು ತೋಳಿಗೆ, ಹೀಗೆ ಊರಿಂದೂರಿಗೆ ರಕ್ಷೆ ಸಾಗಿಬಂತು. ದೀಪದಿಂದ ದೀಪ ಹಚ್ಚಿದಂತೆ ಮಕ್ಕಳೇ ಮಕ್ಕಳಿಗೆ ಪ್ರಾಣವನ್ನು ದಾಟಿಸಿದರು.

ಒಂದೇ ವರ್ಷದೊಳಗೆ ಈ ವಿದ್ಯೆ ಮೈಸೂರು ಸೀಮೆಗೂ ಬಂತು. ಆದರೆ ತೋಳು ಕೊಡುವವರು ಯಾರು? ಅಮ್ಮನಿಗೆ ಕೋಪ ಬರುವುದೆಂಬ ಅಂಜಿಕೆ, ಪರದೇಶಿಯ ಚೂರಿಯ ಅಂಜಿಕೆ, ಇನ್ನಾರದೋ ಮೈಯ ರಸವೆಂಬ ಮೈಲಿಗೆಯ ಅಂಜಿಕೆ. ಈ ಅಂಜಿಕೆಗಳ ನಡುವೆ ದುಬೊಯಿ ಮನೆಮನೆಗೂ ನಡೆದರು. ಕ್ರೈಸ್ತರನ್ನು ಮೊದಲು ಒಪ್ಪಿಸಿ, ಉಳಿದವರಿಗೆ ಅವರನ್ನೇ ಸಾಕ್ಷಿಯಾಗಿ ತೋರಿಸಿದರು. ೧೮೦೩-೦೪ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಲಸಿಕೆ ಹಾಕಿಸಿಕೊಂಡವರ ದಾಖಲಾದ ಸಂಖ್ಯೆ ೨೫,೪೩೨.

ಇದೇ ದುಬೊಯಿಯವರ ಹೆಸರು ಶಿವಾಜಿನಗರದ ಸಂತ ಮೇರಿಯ ದೇವಾಲಯದ ಆರಂಭದೊಡನೆಯೂ ಸೇರಿಕೊಂಡಿದೆ. ಶಿವಾಜಿನಗರದ ಭಾಗವೇ ಆದ ಹಳೆಯ ಊರಿಗೆ ಬಿಳೇಕ್ಕಿಹಳ್ಳಿಯೆಂದು ಹೆಸರು. ಇಂಗ್ಲಿಷರ ನಾಲಗೆಯಲ್ಲಿ ಅದು ‘ಬ್ಲ್ಯಾಕ್‌ಪಳ್ಳಿ’ಯಾಯಿತು. ಜಿಂಜಿಯ ಕಡೆಯಿಂದ ವಲಸೆ ಬಂದ ಕ್ರೈಸ್ತರ ಸಲುವಾಗಿ ೧೯ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಹುಲ್ಲು ಹೊದಿಸಿದ ಪುಟ್ಟ ಗುಡಿಯೊಂದನ್ನು ನಿಲ್ಲಿಸಿದವರು ದುಬೊಯಿ ಎಂದು ದೇವಾಲಯದ ಪರಂಪರೆ ಹೇಳುತ್ತದೆ. ‘ಕಾಣಿಕೆ ಮಾತೆ’ಯ ಗುಡಿಯೆಂದು ಅದಕ್ಕೆ ಹೆಸರು. ಅದೇ ನೆಲೆಯಲ್ಲಿ ಬೆಳೆದ ಇಂದಿನ ಗೋಥಿಕ್ ಶೈಲಿಯ ಕಟ್ಟಡಕ್ಕೆ ೧೮೮೨ರ ಸೆಪ್ಟೆಂಬರ್ ೮ರಂದು ಅಭಿಷೇಕವಾಯಿತು. ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಅದು ಬಸಿಲಿಕಾ ಪದವಿಗೇರಿತು.

ಮಕ್ಕಳ ಆರೋಗ್ಯವನ್ನು ಬೇಡಿ ಲಕ್ಷಾಂತರ ತಾಯಂದಿರು ಬತ್ತಿ ಹಚ್ಚುವ ಈ ಗುಡಿಗೆ ಮೊದಲ ಕಂಬ ನೆಟ್ಟವರೂ, ಸಾವಿರಾರು ಜನರ ತೋಳುಗಳಿಗೆ ಲಸಿಕೆ ಹಾಕಿಸಿದವರೂ ಒಬ್ಬರೇ ಎಂಬುದನ್ನು ಅಲ್ಲಿಗೆ ಬರುವ ಎಷ್ಟು ಮಂದಿ ಬಲ್ಲರು?

ರಾಣಿಯರು ತೋಳು ತೋರಿದರು

ಅದೇ ಕಾಲದಲ್ಲಿ ಮೈಸೂರಿನ ಅರಮನೆಯೂ ಈ ಕಾರ್ಯಕ್ಕೆ ನೆರವಾಯಿತು. ೧೮೦೫ರ ಸುಮಾರಿಗೆ ಚಿತ್ರಕಾರ ಥಾಮಸ್ ಹಿಕಿ ಬಿಡಿಸಿದ ವರ್ಣಚಿತ್ರವೊಂದರಲ್ಲಿ ಮೂವರು ರಾಜಸ್ತ್ರೀಯರು ನಿಂತಿದ್ದಾರೆ. ಬಲಗಡೆಯಿರುವ ಎಳೆಯ ರಾಣಿ ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವಂತಿದೆ. ಇವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ. ಅವಳು ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ. ನಡುವೆ ನಿಂತವರು ಮಹಾರಾಜರ ಅಜ್ಜಿ ಲಕ್ಷ್ಮಮ್ಮಣ್ಣಿ. ಹೀಗೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ೨೦೦೧ರಲ್ಲಿ ಅರ್ಥ ಬಿಡಿಸಿದರು. ಈ ಅರ್ಥವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಒಪ್ಪಿದ ಪಕ್ಷದಲ್ಲಿ ಅದೊಂದು ಸೋಜಿಗದ ಚಿತ್ರ: ಪರಪುರುಷರ ಕಣ್ಣಿಗೆ ಬೀಳದ ಅಂತಃಪುರದ ಹೆಣ್ಣುಮಗಳು ನಾಡಿನ ಮಕ್ಕಳ ಸಲುವಾಗಿ ತೋಳು ತೋರಿಸಿ ನಿಂತಿದ್ದಾಳೆ.

ಜನ ಈ ಹೊಸ ರಕ್ಷೆಯನ್ನು ಹೇಗೆ ಅರಗಿಸಿಕೊಂಡರೆಂಬುದಕ್ಕೆ ಕನ್ನಡ ಭಾಷೆಯೇ ಸಾಕ್ಷಿ. ಸಿಡುಬಿಗೆ ‘ದೇವಿ’ಯೆಂದೂ ‘ಮೈಲಿ’ಯೆಂದೂ ಹೆಸರಿತ್ತಷ್ಟೆ. ಲಸಿಕೆ ಹಾಕುವುದನ್ನು ಜನ ‘ದೇವಿ ಹಾಕುವುದು’, ‘ಮೈಲಿ ಹಾಕುವುದು’ ಎಂದೇ ಕರೆದರು. ಸರ್ಕಾರದ ನೌಕರ ಚೂರಿ ಹಿಡಿದು ಬಂದರೂ ಅವನು ಹಾಕುತ್ತಿದ್ದುದು ದೇವಿಯನ್ನೇ! ಅಮ್ಮನನ್ನು ಧಿಕ್ಕರಿಸಿ ಅಲ್ಲ, ಅಮ್ಮನ ಹೆಸರಿನಲ್ಲೇ ತೋಳು ಚಾಚಿದರು. ತಿಳಿದವರು ಕೂಡಿ ಹುಡುಕಿದ್ದರೂ ಇದಕ್ಕಿಂತ ಜಾಣ ಪದವನ್ನು ಕಂಡುಹಿಡಿಯಲಾಗುತ್ತಿರಲಿಲ್ಲ.

ಪ್ಲೇಗಿನ ವರ್ಷ

೧೮೯೮ರಲ್ಲಿ ಇನ್ನೊಂದು ಮಾರಿ ರೈಲಿನ ದಾರಿಯಲ್ಲಿ ಬೆಂಗಳೂರಿಗೆ ಬಂತು. ಇಲಿ ಬಿದ್ದ ಮನೆಯಲ್ಲಿ ಮನುಷ್ಯರು ಬೀಳತೊಡಗಿದರು. ತೊಡೆಸಂದಿಯಲ್ಲಿ, ಕಂಕುಳಲ್ಲಿ ಗಡ್ಡೆ, ಸುಡುವ ಜ್ವರ, ಕೆಲವೇ ದಿನಗಳಲ್ಲಿ ಸಾವು. ಜನ ಮನೆಮಠಗಳನ್ನು ತೊರೆದು ಊರ ಹೊರಗಿನ ಬಯಲಿನಲ್ಲಿ ಜೋಪಡಿ ಹಾಕಿಕೊಂಡರು. ಸೋಂಕು ಹುಡುಕುವ ನೌಕರರು ಬಾಗಿಲು ತಟ್ಟಿದರೆ ತಾಯಂದಿರು ಜ್ವರದ ಕೂಸನ್ನು ಬಚ್ಚಿಡುತ್ತಿದ್ದರು. ಪ್ಲೇಗಿನ ಬಿಡಾರಕ್ಕೆ ಒಯ್ದ ಮಗು ಹಿಂದಕ್ಕೆ ಬರುವುದೆಂಬ ನೆಚ್ಚಿಕೆ ಯಾರಿಗೂ ಇರಲಿಲ್ಲ.

ಆಗ ಊರಿನ ಉದ್ದಗಲಕ್ಕೂ ‘ಪ್ಲೇಗು ಮಾರಮ್ಮ’ನ ಗುಡಿಗಳೆದ್ದವು. ಹೆಸರು ಗೊತ್ತಿಲ್ಲದ ಹೊಸ ರೋಗಕ್ಕೆ ಜನ ತಮಗೆ ಗೊತ್ತಿದ್ದ ಹಳೆಯ ತಾಯಿಯನ್ನೇ ಕಾವಲಿಟ್ಟರು. ದಂಡಿನ ಕ್ರೈಸ್ತರು ಮೇರಿಮಾತೆಯ ಮೊರೆಹೊಕ್ಕರು. ಮಾರಿ ತಗ್ಗಿದ ಮೇಲೆ ಅವಳು ‘ಆರೋಗ್ಯ ಮಾತೆ’ಯಾದಳು. ಇಂದಿಗೂ ಪ್ರತಿ ವರ್ಷ ಆಗಸ್ಟ್ ೨೯ರಂದು ಧ್ವಜವೇರಿ, ಸೆಪ್ಟೆಂಬರ್ ೮ರಂದು ಮಾತೆಯ ತೇರು ಶಿವಾಜಿನಗರದ ಬೀದಿಗಳಲ್ಲಿ ಹೊರಡುತ್ತದೆ. ಕಾವಿಬಣ್ಣದ ಬಟ್ಟೆಯುಟ್ಟ ಭಕ್ತರಲ್ಲಿ ಹಿಂದೂಗಳೂ ಇರುತ್ತಾರೆ. ಅವರ ಬಾಯಲ್ಲಿ ಮರಿಯಮ್ಮನಿಗೂ ಮಾರಿಯಮ್ಮನಿಗೂ ಒಂದು ಅಕ್ಷರದ ಅಂತರವಷ್ಟೆ. ತೇರಿನ ಗಾಲಿ ಹೋದ ದಾರಿಯಲ್ಲಿ ಕೂಸನ್ನು ಎತ್ತಿ ಹಿಡಿಯುವ ಕೈಗಳಿಗೆ ಆ ಅಂತರವೂ ಕಾಣುವುದಿಲ್ಲ.

ಆದರೆ ಪ್ಲೇಗು ತಗ್ಗಿದ್ದು ಮೊರೆಯೊಂದರಿಂದಲೇ ಅಲ್ಲ. ವಾಲ್ಡೆಮಾರ್ ಹಾಫ್‌ಕಿನ್ ೧೮೯೭ರ ಜನವರಿಯಲ್ಲಿ ಮುಂಬಯಿಯಲ್ಲಿ ತಮ್ಮ ಮೈಮೇಲೆಯೇ ಪರೀಕ್ಷಿಸಿಕೊಂಡ ಪ್ಲೇಗಿನ ಚುಚ್ಚುಮದ್ದು ಬಳಕೆಗೆ ಬಂತು. ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ ಗಾಳಿ ಬೆಳಕಿನ ಹೊಸ ಬಡಾವಣೆಗಳನ್ನು ಕಟ್ಟಿದರು. ಇಂದು ಪುಲಕೇಶಿನಗರವೆನ್ನಿಸಿಕೊಳ್ಳುವ ಫ್ರೇಜರ್ ಟೌನು, ಪ್ಲೇಗು ಕಲಿಸಿದ ಪಾಠದ ಮೇಲೆ, ಇಲಿಗಳು ಮನೆಮಾಡದಂತೆ ಯೋಜಿಸಿ ಕಟ್ಟಿದ ಊರು. ಹಳೆಯ ಮದರಾಸು ರಸ್ತೆಯಲ್ಲಿ, ಇಂದಿರಾನಗರದ ಅಂಚಿಗೆ, ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ನಿಂತಿತು. ಜನರ ಬಾಯಲ್ಲಿ ಅದು ‘ಐಸೊಲೇಷನ್ ಆಸ್ಪತ್ರೆ’. ಗಂಟಲಮಾರಿ ಬಡಿದ ಮಗುವನ್ನು ಎತ್ತಿಕೊಂಡು ಅಲ್ಲಿಗೆ ಓಡಿದ ನೆನಪು ದಂಡಿನ ಎಷ್ಟೋ ಹಿರಿಯರ ಮನೆಗಳಲ್ಲಿ ಉಂಟು.

ಮನೆಯೊಳಗಿನ ಹೆಂಗಸರು ಗಂಡು ವೈದ್ಯರ ಮುಂದೆ ಬರಲಾರದ ಕಾಲದಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠರ ದಾನದಿಂದ ಶಿವಾಜಿನಗರದಲ್ಲಿ ಘೋಷಾ ಆಸ್ಪತ್ರೆ ಎದ್ದಿತು. ಘೋಷಾ ಎಂದರೆ ಪರದೆ. ಪರದೆಯನ್ನು ಗೌರವಿಸಿಯೇ ಪ್ರಾಣ ಉಳಿಸುವ ಉಪಾಯ ಅದು. ಎಲ್ಲ ಮತಗಳ ಕೂಸುಗಳೂ ಅಲ್ಲಿ ಮೊದಲ ಉಸಿರೆಳೆದಿವೆ.

ರಕ್ಷೆಯೇ ಗಾಯವಾದಾಗ

ಹಾಗೆಂದು ರಕ್ಷೆಯ ಹೆಸರಿನಲ್ಲಿ ನಡೆಯುವುದೆಲ್ಲವೂ ನಿರಪಾಯಕರವೆಂದು ಭಾವಿಸಬಾರದು. ಕಣ್ಣಿಗೆ ಹಚ್ಚುವ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸದ ಅಂಶವಿರುವುದನ್ನು ಪರೀಕ್ಷೆಗಳು ತೋರಿಸಿವೆ. ಸೀಸ ಎಳೆಯ ಮಿದುಳಿಗೆ ವಿಷ. ಬೊಟ್ಟು ಇಡಲೇಬೇಕೆನ್ನುವವರು ಅದನ್ನು ಕಣ್ಣಿನಿಂದ ದೂರ, ಅಂಗಾಲಿಗೆ ಇಟ್ಟರೆ ಅಜ್ಜಿಗೂ ತೃಪ್ತಿ, ಕೂಸಿಗೂ ಕ್ಷೇಮ. ಕೊರಳಿಗೆ ಬಿಗಿದ ದಾರ ನಿದ್ದೆಯಲ್ಲಿ ಉರುಳಾದೀತು. ಬಿಚ್ಚಿಹೋದ ಮಣಿ, ತಾಯಿತದ ಚೂರು ಗಂಟಲಲ್ಲಿ ಸಿಕ್ಕೀತು. ಬಜೆಯನ್ನು ತೇಯ್ದು ಎಳೆಗೂಸಿಗೆ ನೆಕ್ಕಿಸುವುದನ್ನು ಮಕ್ಕಳ ವೈದ್ಯರು ಬೇಡವೆನ್ನುತ್ತಾರೆ. ಮುಂಗೈಯಲ್ಲಿ ಬಳೆಯಾಗಿದ್ದಾಗಲೂ ಅದು ಕೂಸಿನ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಕ್ರೂರವಾದುದು ಬರೆ ಎಳೆಯುವ ಪದ್ಧತಿ. ಕೂಸು ಬಿಡದೆ ಅತ್ತರೆ, ಕಾಮಾಲೆಯಾದರೆ, ಸೆಟೆದರೆ, ಬಾಲಗ್ರಹವೆಂದು ಕಾಸಿದ ಬಳೆಯಿಂದ ಹೊಟ್ಟೆಗೆ ಬರೆ ಹಾಕುವವರು ಕರ್ನಾಟಕದಲ್ಲಿ ಇನ್ನೂ ಪೂರ್ತಿ ಇಲ್ಲವಾಗಿಲ್ಲ. ಅಳುತ್ತಿದ್ದ ಕೂಸು ಸುಮ್ಮನಾಗುವುದು ಗುಣವಾಗಿ ಅಲ್ಲ, ನೋವಿನಿಂದ ಸೋತು. ಹಸುಗೂಸಿನ ಮೈಗೆ ಕಾದ ಕಬ್ಬಿಣ ತಗುಲಿಸುವುದನ್ನು ಯಾವ ದೇವಿಯೂ ಕೇಳಿಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಅದರ ಹೆಸರು ತಡ. ‘ಮೂರು ಶುಕ್ರವಾರ ನೋಡೋಣ’, ‘ಒಂಬತ್ತು ಗುರುವಾರ ಮುಗಿಯಲಿ’ ಎಂದು ಕಾಯುತ್ತ ಕುಳಿತರೆ ಕೂಸಿಗೆ ಅಷ್ಟು ವ್ಯವಧಾನವಿರುವುದಿಲ್ಲ. ಎಳೆಗೂಸು ಮೊಲೆ ಹಿಡಿಯುವುದನ್ನು ಬಿಟ್ಟರೆ, ಉಸಿರಾಡುವಾಗ ಪಕ್ಕೆ ಒಳಸೆಳೆದರೆ, ಮಂಕಾಗಿ ಕಣ್ಣು ತೆರೆಯದಿದ್ದರೆ, ಸೆಟೆದುಕೊಂಡರೆ ಅದು ದೃಷ್ಟಿಯ ವಿಚಾರ ಮಾಡುವ ಸಮಯವಲ್ಲ. ಹರಕೆಯನ್ನು ಆಸ್ಪತ್ರೆಯ ದಾರಿಯಲ್ಲೇ ಹೊತ್ತುಕೊಂಡರಾಯಿತು. ದೇವರು ಅಲ್ಲಿಯೂ ಕೇಳಿಸಿಕೊಳ್ಳುತ್ತಾನೆ.

ಅಮ್ಮ ಹೋದ ಮೇಲೆ

ಭಾರತದ ನೆಲದಲ್ಲೇ ಹುಟ್ಟಿದ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು ೧೯೭೫ರ ಮೇ ತಿಂಗಳಲ್ಲಿ. ೧೯೮೦ರ ಮೇ ೮ರಂದು ವಿಶ್ವ ಆರೋಗ್ಯ ಸಭೆಯು ಸಿಡುಬು ಜಗತ್ತಿನಿಂದಲೇ ತೊಲಗಿತೆಂದು ಸಾರಿತು. ಪೋಲಿಯೊ ಭಾರತದಲ್ಲಿ ಕೊನೆಯದಾಗಿ ಕಾಣಿಸಿಕೊಂಡದ್ದು ೨೦೧೧ರ ಜನವರಿಯಲ್ಲಿ. ೨೦೧೪ರ ಮಾರ್ಚ್ ೨೭ರಂದು ದೇಶ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಸಾವಿರಕ್ಕೆ ಇನ್ನೂರರಷ್ಟಿದ್ದ ಶಿಶುಮರಣ ೨೦೨೦ರ ಗಣನೆಯಲ್ಲಿ ದೇಶಕ್ಕೆ ೨೮ಕ್ಕೆ, ಕರ್ನಾಟಕಕ್ಕೆ ೧೯ಕ್ಕೆ ಇಳಿಯಿತು. ಇಷ್ಟು ದೊಡ್ಡ ಇಳಿಕೆಯನ್ನು ಎಷ್ಟು ಬೇವಿನ ತೋರಣ ಕಟ್ಟಿದ್ದರೂ ಕಾಣಲಾಗುತ್ತಿರಲಿಲ್ಲ. ಚುಚ್ಚುಮದ್ದು, ಶುದ್ಧವಾದ ನೀರು, ಸುರಕ್ಷಿತ ಹೆರಿಗೆ, ತಾಯಿಯ ವಿದ್ಯೆ ಇವು ಕೂಡಿ ಮಾಡಿದ ಕೆಲಸ ಅದು.

ಆದರೂ ಸಿಡುಬಿನ ಜೊತೆಗೆ ಅಮ್ಮ ಹೊರಟುಹೋಗಲಿಲ್ಲ. ಗುಡಿಗಳು ಖಾಲಿಯಾಗಲಿಲ್ಲ. ಕೊರೊನಾ ಬಂದಾಗ ೨೦೨೧ರಲ್ಲಿ ಕೊಳ್ಳೇಗಾಲದ ಬಳಿಯ ಮಧುವನಹಳ್ಳಿಯಲ್ಲಿ ‘ಕೊರೊನಾ ಮಾರಮ್ಮ’ನನ್ನೇ ಪ್ರತಿಷ್ಠಾಪಿಸಿದರು. ವಿವೇಕನಗರದ ಬಾಲಯೇಸುವಿನ ದೇವಾಲಯ ಹುಟ್ಟಿದ್ದೇ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅಲ್ಲಿ ಪ್ರತಿ ಗುರುವಾರ ಜನ ಸೇರುವುದನ್ನು ಕಂಡವರಿಗೆ ಹರಕೆಯ ಕಾಲ ಮುಗಿಯಿತೆಂದು ಹೇಳುವ ಧೈರ್ಯ ಬಾರದು. ಏಕೆಂದರೆ ರೋಗಗಳು ಕಡಿಮೆಯಾದರೂ ತಾಯಿಯ ಆತಂಕ ಕಡಿಮೆಯಾಗಿಲ್ಲ. ಸೂಜಿ ಸಿಡುಬನ್ನು ತಡೆದೀತು. ರಾತ್ರಿ ಎರಡು ಗಂಟೆಗೆ ಉರಿಯುವ ಹಣೆಯನ್ನು ಮುಟ್ಟಿಕೊಂಡು ಕುಳಿತವಳ ಎದೆಬಡಿತಕ್ಕೆ ಸೂಜಿಯಿಲ್ಲ. ಆ ಗಳಿಗೆಯಲ್ಲಿ ಅವಳಿಗೆ ಒಂದು ನಾಮ ಬೇಕು, ಒಂದು ದೀಪ ಬೇಕು, ತಲೆಯ ಮೇಲೆ ಹಿರಿಯರದೊಂದು ಕೈ ಬೇಕು.

ಎರಡು ಚೀಲಗಳಲ್ಲ, ಒಂದೇ ಚೀಲ

ವಾರದಲ್ಲಿ ಲಸಿಕೆ ಹಾಕುವ ದಿನ ಹಲಸೂರು, ಶಿವಾಜಿನಗರಗಳ ಸರ್ಕಾರಿ ಆಸ್ಪತ್ರೆಗಳ ಮೊಗಸಾಲೆಗಳಲ್ಲಿ ಕುಳಿತ ತಾಯಂದಿರನ್ನು ನೋಡಬೇಕು. ಒಂದು ಕೂಸಿನ ಮಣಿಕಟ್ಟಿನಲ್ಲಿ ಬಜೆಯ ಬಳೆ. ಇನ್ನೊಂದರ ತೋಳಿನಲ್ಲಿ ಹಸುರು ಬಟ್ಟೆಯಲ್ಲಿ ಹೊಲಿದ ತಾಯಿತ. ಮತ್ತೊಂದರ ಅಂಗಿಗೆ ಸೂಜಿಪಿನ್ನಿನಿಂದ ಸಿಕ್ಕಿಸಿದ ಆರೋಗ್ಯ ಮಾತೆಯ ಪದಕ. ಪ್ರತಿಯೊಬ್ಬ ತಾಯಿಯ ಚೀಲದಲ್ಲೂ ಮಡಿಸಿಟ್ಟ ತಾಯಿ ಕಾರ್ಡು. ಹುಟ್ಟಿದಾಗ ಯಾವುದು, ಆರು ವಾರಕ್ಕೆ ಯಾವುದು, ಹತ್ತಕ್ಕೆ, ಹದಿನಾಲ್ಕಕ್ಕೆ, ಒಂಬತ್ತು ತಿಂಗಳಿಗೆ ಯಾವುದು ಎಂದು ಅದರಲ್ಲಿ ಬರೆದಿರುತ್ತದೆ. ಅಕ್ಷರ ಬಾರದ ಅಜ್ಜಿಯೂ ಅದನ್ನು ಪಂಚಾಂಗದಂತೆ ಜೋಪಾನ ಮಾಡುತ್ತಾಳೆ.

ನರ್ಸಮ್ಮ ಹೆಸರು ಕೂಗುತ್ತಾರೆ. ತಾಯಿ ಎದ್ದು ಕೂಸಿನ ತೊಡೆಯ ಬಟ್ಟೆ ಸರಿಸುತ್ತಾಳೆ. ಸೂಜಿ ಇಳಿಯುವ ಗಳಿಗೆಯಲ್ಲಿ ಅವಳ ತುಟಿ ಅಲುಗುತ್ತದೆ. ಯಾವ ದೇವರ ಹೆಸರೋ ಪಕ್ಕದವರಿಗೆ ಕೇಳಿಸುವುದಿಲ್ಲ. ಕೂಸು ಚೀರುತ್ತದೆ. ಅತ್ತೆ ಮುಂದೆ ಬಂದು ಅದನ್ನೆತ್ತಿಕೊಂಡು, “ಆಯಿತು ಬಿಡಪ್ಪಾ, ಆಯಿತು” ಎಂದು ಬೆನ್ನು ಸವರುತ್ತಾಳೆ. ಆಮೇಲೆ ಸೊಸೆಯ ಕಡೆ ತಿರುಗಿ, “ಮುಂದಿನದು ಯಾವಾಗಂತೆ? ಕೇಳಿಕೊಂಡು ಬಾ, ಮರೆಯಬೇಡ” ಎನ್ನುತ್ತಾಳೆ.

ಮನೆಗೆ ಹೋದ ಕೂಡಲೇ ಅವಳು ಹೇಗೂ ದೃಷ್ಟಿ ತೆಗೆಯುತ್ತಾಳೆ. ತೆಗೆಯಲಿ. ಮುಂದಿನ ತಾರೀಖನ್ನು ಕೇಳುವುದನ್ನು ಅವಳು ಮರೆಯಲಿಲ್ಲವಲ್ಲ, ಅ‌ಷ್ಟು ಸಾಕು.